ತಟ್ಟೆಪ್ರವೇಶಪೂರ್ವ ಗಣಕಸಂಸ್ಕಾರ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಕಾರ್ಯಾಚರಣ ವ್ಯವಸ್ಥೆಯನ್ನು ಸಿ.ಡಿ.ಯಿಂದ ಹಾಕುವ ಮುನ್ನ ಗಣಕವನ್ನು ಅಣಿಗೊಳಿಸುವ ಕ್ರಿಯಾಕಲಾಪವು ವಿದ್ವದ್ವಲಯದ ಅಕ್ಷಮ್ಯ ಅವಜ್ಞೆಗೆ ಗುರಿಯಾಗಿದೆ. ಬೆಂಗಳೂರಿನ ಎಸ್.ಪಿ. ರೋಡಿನ ಗಣಕದಂಗಡಿಗಳ ಹುಡುಗರು ಇಡೀ ವಿಷಯವನ್ನು ‘ಫಾರ್ಮ್ಯಾಟ್ ಹೊಡೆಯೋದು’ ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರಿಂದ, ಅದರ ತಾತ್ವಿಕ ಆಯಾಮಗಳು ಅನಾವರಣಗೊಳ್ಳದೆ ಉಳಿದಿವೆ. ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಅಧ್ಯಯನವನ್ನು 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿಗೆ ಸೀಮಿತಗೊಳಿಸಲಾಗಿದೆ. ಕಾರಣ ಇಷ್ಟೆ: ಪ್ರಬಂಧವೆಂದ ಮೇಲೆ ಮಿತಿ ಇರಲೇಬೇಕು, ಮಾರ್ಗದರ್ಶಕರು ಮೊದಲು ಹುಡುಕುವುದು ಅದನ್ನೇ.

ಸಂಸ್ಕಾರಗಳು ಐದು: ಕ್ರಮಸಂಸ್ಕಾರ, ಸ್ಪರ್ಶಸಂಸ್ಕಾರ, ವಿಭಜನಸಂಸ್ಕಾರ, ಶೋಧನಸಂಸ್ಕಾರ ಮತ್ತು ಸಂಕೀರ್ಣಸಂಸ್ಕಾರ. ಕೊನೆಯದು ಏನೆಂಬುದು ಪ್ರಬಂಧ ಮುಗಿಯುವುದರೊಳಗೆ ಪ್ರಬಂಧಕಾರರಿಗೂ ತಿಳಿಯುವ ನಿರೀಕ್ಷೆಯಿದೆ.

2. ಕ್ರಮಸಂಸ್ಕಾರ

ವಿದ್ಯುತ್ ಹರಿದೊಡನೆ ಗಣಕವು ಸಿ.ಡಿ.ಯತ್ತ ಕಣ್ಣೆತ್ತಿಯೂ ನೋಡದೆ ನೇರ ಹಾರ್ಡ್ ಡಿಸ್ಕಿಗೆ ಹೋಗಿ ಹಳೆಯ ವ್ಯವಸ್ಥೆಯನ್ನೇ ಎಬ್ಬಿಸುತ್ತದೆ. ಇದನ್ನು ‘ಸ್ಥಿರತಟ್ಟೆಕೇಂದ್ರಿತ ಪ್ರಾಗ್ಜಾಗರಣ ಪಕ್ಷಪಾತ’ ಎಂದು ಕರೆಯತಕ್ಕದ್ದು. ನಿವಾರಣೆಗೆ ಬಯಾಸ್ ಎಂಬ ಗರ್ಭಗುಡಿಯನ್ನು ಹೊಗಬೇಕು. ಯಾವ ಕೀಲಿಯಿಂದ ಹೊಗಬೇಕೆಂಬಲ್ಲಿ ಪಂಥಭೇದಗಳಿವೆ: ಅಸೆಂಬಲ್ಡ್ ಯಂತ್ರಗಳಲ್ಲಿ ಹೆಚ್ಚಾಗಿ ಡಿಲೀಟ್ ಸಂಪ್ರದಾಯ, ಡೆಲ್‌ನವರದು ಎಫ್2, ಎಚ್‌ಪಿಯವರದು ಎಫ್10. ಲೋಗೋ ಮಿಂಚಿ ಮಾಯವಾಗುವಷ್ಟರಲ್ಲಿ ಒತ್ತಬೇಕೆಂಬುದರಲ್ಲಿ ಮಾತ್ರ ಒಮ್ಮತ. ಒಳಗೆ ‘ಫಸ್ಟ್ ಬೂಟ್ ಡಿವೈಸ್’ ಎದುರು ಸಿ.ಡಿ.ಯನ್ನು ತಂದು ನಿಲ್ಲಿಸಿ, ಸೇವ್ ಮಾಡಿ ಹೊರಬಂದರೆ ಸಂಸ್ಕಾರ ಸಂಪನ್ನ.

ಸಿ.ಡಿ.ಯಿಂದಲೇ ಯಂತ್ರ ಏಳುವ ಏರ್ಪಾಡು ಅನಾದಿಯೇನಲ್ಲ. ಅದರ ನಿಯಮಾವಳಿಯನ್ನು ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ಹೊರತಂದದ್ದು 1995ರ ಜನವರಿಯಲ್ಲಿ. ಅದಕ್ಕಿಟ್ಟ ಹೆಸರು ‘ಎಲ್ ಟೊರಿಟೊ’. ಅದು ಕ್ಯಾಲಿಫೋರ್ನಿಯಾದ ಒಂದು ಮೆಕ್ಸಿಕನ್ ಹೋಟೆಲಿನ ಹೆಸರು. ಇದರಲ್ಲಿ ಅಂತರ್‌ಸಾಂಸ್ಕೃತಿಕ ಆಹಾರಮೀಮಾಂಸೆಯ ಎಳೆಗಳಿವೆಯೆಂದು ವಾದಿಸಿ ಇನ್ನೊಂದು ಪಿಎಚ್.ಡಿ. ಹೊಡೆಯಲು ಅವಕಾಶವಿದೆ. ಅದೇ ವರ್ಷ ಆಗಸ್ಟಿನಲ್ಲಿ ಅಂಗಡಿಗೆ ಬಂದ ವಿಂಡೋಸ್ 95ರ ಸಿ.ಡಿ.ಗೆ ಮಾತ್ರ ಆ ಹೋಟೆಲಿನ ಊಟ ದಕ್ಕಲಿಲ್ಲ. ಮೊದಲು ಫ್ಲಾಪಿಯಿಂದ ಯಂತ್ರ ಎಬ್ಬಿಸಿ ಆಮೇಲೆ ಸಿ.ಡಿ.ಗೆ ಬರಬೇಕಿತ್ತು. ಸಿ.ಡಿ. ಡ್ರೈವೇ ಇಲ್ಲದವರ ಪಾಲಿಗೆ 13 ಫ್ಲಾಪಿಗಳ ಕಟ್ಟು.

3. ಸ್ಪರ್ಶಸಂಸ್ಕಾರ

ಸಿ.ಡಿ. ಗಿರಗಿರ ಸುತ್ತತೊಡಗುತ್ತದೆ. ಯಾವುದಾದರೊಂದು ಕೀಲಿ ಒತ್ತಿರೆಂದು ಕಪ್ಪು ಪರದೆಯ ಮೇಲೆ ಅಪ್ಪಣೆಯಾಗುತ್ತದೆ. ಕೆಲವೇ ಸೆಕೆಂಡು ಗಡುವು. ಒತ್ತದಿದ್ದರೆ ಹಳೆಯ ವ್ಯವಸ್ಥೆ ಎದ್ದು ಕೂರುತ್ತದೆ. ಒತ್ತಿದರೆ ಕಡತಗಳ ನಕಲು ನಡೆದು, ಯಂತ್ರ ತಾನೇ ಆರಿ ಹೊತ್ತಿಕೊಂಡು, ಅದೇ ಅಪ್ಪಣೆಯನ್ನು ಅದೇ ಅಕ್ಷರಗಳಲ್ಲಿ ಮತ್ತೆ ಹೊರಡಿಸುತ್ತದೆ.

ಈ ಸಲ ಒತ್ತಬಾರದು. ಒತ್ತಿದರೆ ಎಲ್ಲ ಮೊದಲಿನಿಂದ.

ಒಂದೇ ವಾಕ್ಯ ಮೊದಲ ಬಾರಿಗೆ ವಿಧಿ, ಎರಡನೇ ಬಾರಿಗೆ ನಿಷೇಧ. ಪೂರ್ವಮೀಮಾಂಸಕರೂ ತಲೆ ಕೆರೆದುಕೊಳ್ಳುವ ಪ್ರಸಂಗ ಇದು. ಪುಟಗಟ್ಟಲೆ ಪರವಾನಗಿ ಪತ್ರವನ್ನು ಎಫ್8 ಒಂದರಿಂದ ಒಪ್ಪಿಕೊಳ್ಳುವುದೂ ಈ ಸಂಸ್ಕಾರದ ಉಪಾಂಗ. 25 ಅಕ್ಷರಗಳ ಪ್ರಾಡಕ್ಟ್ ಕೀಯನ್ನು ಸಿ.ಡಿ. ಕವರಿನ ಮೇಲೆ ಯಾರೋ ಮಾರ್ಕರ್ ಪೆನ್ನಿನಲ್ಲಿ ಬರೆದಿರುತ್ತಾರೆ. ಬೆವರಿನ ಕೈ ತಾಗಿ ಅದು ಅರ್ಧ ಅಳಿಸಿರುತ್ತದೆ. ಏಳನೆಯ ಅಕ್ಷರ ಇಂಗ್ಲಿಷಿನ ಬಿ ಅಕ್ಷರವೋ 8ರ ಅಂಕಿಯೋ ಎಂಬ ಪಾಠಾಂತರ ಸಮಸ್ಯೆ ಎದುರಾದಾಗ, ಕವರನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುವುದೇ ಗ್ರಂಥಸಂಪಾದನೆಯ ಮಾನ್ಯ ವಿಧಾನ.

4. ವಿಭಜನಸಂಸ್ಕಾರ

ನೀಲಿ ಪರದೆಯ ಮೇಲೆ ಡಿಸ್ಕಿನ ವಿಭಾಗಗಳ ಪಟ್ಟಿ ಮೂಡುತ್ತದೆ. ಡಿ ಒತ್ತಿದರೆ ವಿಭಾಗ ಅಳಿಸಲು ಅರ್ಜಿ ಹಾಕಿದಂತೆ, ಎಲ್ ಒತ್ತಿದರೆ ಅರ್ಜಿ ಮಂಜೂರು. ಅರ್ಜಿದಾರನೂ ಮಂಜೂರು ಮಾಡುವ ಅಧಿಕಾರಿಯೂ ಒಬ್ಬನೇ ಆದ್ದರಿಂದ ಸರ್ಕಾರಿ ಕಚೇರಿಗಳಿಗೆ ಹೋಲಿಸಿದರೆ ಕೆಲಸ ಬಹಳ ಬೇಗ ಆಗುತ್ತದೆ.

ತೊಂದರೆಯೂ ಅದೇ. ಶೋಧನಸಂಸ್ಕಾರವನ್ನು ಇಲ್ಲಿಗೇ ಕೈಬಿಡಲಾಗಿದೆ. ಎಲ್ ಒತ್ತಿದ ಮೇಲೆ ಮನೆಯವರ ಮುಖ ನೋಡಿದವರಿಗೆ ವರ್ಗೀಕರಣದ ಆಟ ಮುಂದುವರಿಸುವ ಹುಕಿ ಇರುವುದಿಲ್ಲ.

ಎಕ್ಸ್‌ಪಿಯಲ್ಲಿ ‘ಮೈ ಡಾಕ್ಯುಮೆಂಟ್ಸ್’ ತಾನಾಗಿ ಕೂರುತ್ತಿದ್ದದ್ದು ಸಿ ಡ್ರೈವಿನಲ್ಲಿ. ಡೆಸ್ಕ್‌ಟಾಪ್ ಮೇಲೆ ಕಾಣುವ ಕಡತಗಳೂ ಇರುವುದು ಅಲ್ಲೇ. ಫಾರ್ಮ್ಯಾಟ್ ಆಗುವುದೂ ಅದೇ ಸಿ ಡ್ರೈವ್. “ಡೇಟಾ ಏನಾದ್ರೂ ಬೇಕಾ ಆಂಟಿ?” ಎಂದು ಹುಡುಗ ಕೇಳುತ್ತಾನೆ. “ಸಿ ಡ್ರೈವ್‌ದೆಲ್ಲ ತೆಗಿಯಪ್ಪ, ಡೆಸ್ಕ್‌ಟಾಪ್ ಮೇಲಿರೋದು ಮಾತ್ರ ಇರ್ಲಿ” ಎನ್ನುತ್ತಾರೆ ಅವರು. ಹುಡುಗ ಅರ್ಧ ಕೇಳಿಸಿಕೊಂಡು ತಲೆಯಾಡಿಸುತ್ತಾನೆ. ಮಗಳ ಮದುವೆಯ ಫೋಟೋ, ಸಂಘದ ಲೆಕ್ಕ, ನಿವೃತ್ತ ಮೇಷ್ಟರು ಒಂದೊಂದೇ ಕೀಲಿ ಹುಡುಕಿ ಬೆರಳಚ್ಚಿಸಿದ ಆತ್ಮಕಥೆ, ಎಲ್ಲವೂ ಒಂದೇ ಎಲ್‌ಗೆ ಹೋಗುತ್ತವೆ. ಪರದೆ ಮಾತ್ರ ಇನ್ನು 39 ನಿಮಿಷದಲ್ಲಿ ಕೆಲಸ ಮುಗಿಯುತ್ತದೆಂದು ಹೇಳಿ, ಹೊಸ ವ್ಯವಸ್ಥೆಯ ಗುಣಗಾನ ಶುರುಮಾಡುತ್ತದೆ.

ನಿರ್ವಾತ ನಳಿಕೆಯಿಂದ ಹಿಡಿದು ಗಣಕದ ಐದು ಪೀಳಿಗೆಗಳನ್ನು ಮಕ್ಕಳಿಂದ ಉರು ಹೊಡೆಸುವ ಪಠ್ಯಗಳಿಗೆ, ‘ಬಳಕೆದಾರ-ಸ್ನೇಹಿ ಅಂತರ್‌ಮುಖ’ದ ಬಗ್ಗೆ ಅಧ್ಯಾಯ ಬರೆಯುವ ಪಂಡಿತರಿಗೆ, ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವೇ ಕಣಮ್ಮ ಎಂದು ಒಂದು ಸಾಲು ಬರೆಯಲು ಏನು ಧಾಡಿಯಾಗಿತ್ತು? ಯಂತ್ರವನ್ನು ಅಣಿಗೊಳಿಸಲು ಇಷ್ಟೆಲ್ಲ ಶಾಸ್ತ್ರ. ಯಂತ್ರದ ಒಡೆಯರನ್ನು ಅಣಿಗೊಳಿಸಲು ಒಬ್ಬರಿಗೂ ಪುರಸೊತ್ತಿಲ್ಲ.

5. ಸಂಕೀರ್ಣಸಂಸ್ಕಾರ

ಐದನೆಯದು ಏನೆಂದು ಈಗ ಹೊಳೆದಿದೆ. ಎಕ್ಸ್‌ಪಿಯ ಸಿ.ಡಿ.ಯಲ್ಲೇ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟ್ ಇತ್ತು. ಆದರೆ ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಭಾಷೆಗಳ ಪುಟ ಹುಡುಕಿ, ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕದೆ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಟಿಕ್ ಹಾಕಿದರೆ ಯಂತ್ರ ಮತ್ತೆ ಸಿ.ಡಿ. ಕೇಳುತ್ತಿತ್ತು. ಸಿ.ಡಿ. ಅಷ್ಟರಲ್ಲಿ ಹುಡುಗನ ಬ್ಯಾಗಿನಲ್ಲಿ ಇನ್ನೊಂದು ಬಡಾವಣೆ ತಲುಪಿರುತ್ತಿತ್ತು. ಇನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತಗಳ ಪಾಡು ಬೇರೆ. ಕಡತಕ್ಕೆ ನಕಲಿದ್ದರೂ, ಫಾಂಟ್ ಫಾರ್ಮ್ಯಾಟಿನಲ್ಲಿ ಹೋಗಿದ್ದರೆ ತೆರೆದಾಗ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಮೇಷ್ಟರ ಆತ್ಮಕಥೆಯ ನಕಲೂ ಹಾಳಾಗಿದೆಯೆಂದು ಮನೆಯವರು ಡಿಲೀಟ್ ಮಾಡುವುದು ಆಗಲೇ. ಅದು ಹಾಳಾಗಿರುವುದಿಲ್ಲ. ಆ ಫಾಂಟ್ ಮತ್ತೆ ಹಾಕಿದರೆ ಸಾಕಿತ್ತು.

6. ಉಪಸಂಹಾರ

ಸಿ.ಡಿ. ಡ್ರೈವುಗಳು ಲ್ಯಾಪ್‌ಟಾಪುಗಳಿಂದ ಮಾಯವಾಗಿವೆ, ಕೆಲಸವೀಗ ಪೆನ್‌ಡ್ರೈವಿನದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ, ವ್ಯವಸ್ಥೆ ಬದಲಿಸಲು ಕೂತವರು ಇಂದಿಗೂ ಬೇಕಾದಷ್ಟಿದ್ದಾರೆ. ವಿಭಾಗಗಳ ಪಟ್ಟಿ ಈಗಲೂ ಬರುತ್ತದೆ, ಅಳಿಸುವ ಗುಂಡಿಯೂ ಅಲ್ಲೇ ಇದೆ.

ಅಂಥವರಲ್ಲಿ ಒಂದು ವಿನಂತಿ. ಏನನ್ನೂ ಸಿಕ್ಕಿಸುವ ಮುನ್ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಜೊತೆಗೆ ಹಳೆಯ ಕನ್ನಡ ಫಾಂಟುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಆ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಹಾಕಿ ನಾಲ್ಕಾರು ಕಡತ ತೆರೆದು ನೋಡಿ. ಆಮೇಲೆ ಅದನ್ನು ಕಿತ್ತು ಬೀರುವಿನಲ್ಲಿಡಿ, ಇಲ್ಲದಿದ್ದರೆ ಅಳಿಸಬಹುದಾದ ವಿಭಾಗಗಳ ಪಟ್ಟಿಯಲ್ಲಿ ಅದೂ ಬಂದು ನಿಲ್ಲುತ್ತದೆ. ಇಷ್ಟರ ಮೇಲೂ ಕೈತಪ್ಪಿ ಬೇಕಾದ ವಿಭಾಗ ಅಳಿದರೆ, ಮುಂದುವರಿಯದೆ ಅಲ್ಲೇ ಯಂತ್ರ ಆರಿಸಿಬಿಡಿ: ಹೊಸ ಕಡತಗಳು ಅದೇ ಜಾಗದಲ್ಲಿ ಕೂರುವವರೆಗೆ ಹಳೆಯವನ್ನು ಹೊರತೆಗೆಯಲು ಅವಕಾಶವಿರಬಹುದು.