ಬೀಳುವ ಗೋಡೆಗೆ ಕೆಲವು ಸೂಚನೆಗಳು

ಆಂಧ್ರದ ಗಡಿಯಂಚಿನ ರೊಳ್ಳದ ಮಣ್ಣಿನ ಗೋಡೆಯೇ, ನೀನು ಬೀಳುವುದಕ್ಕೆ ಯಾರ ಅಭ್ಯಂತರವೂ ಇಲ್ಲ. ಬೀಳುವ ಮುಂಚೆ ಸರ್ಕಾರದ ಪರಿಹಾರದ ಪಟ್ಟಿಯನ್ನೊಮ್ಮೆ ಓದಿಕೊಂಡು ಬೀಳು, ಅಷ್ಟೇ.

ನೀನು ಎದ್ದ ಜಾಗವೇ ಸರಿಯಿಲ್ಲ. ಆಂಧ್ರದಲ್ಲಿ ಮನೆ ಬೀಳಿಸುವ ಗೌರವ ಕರಾವಳಿಯ ಚಂಡಮಾರುತಗಳಿಗೆ ಮೀಸಲು. 2014ರಲ್ಲಿ ವಿಶಾಖಪಟ್ಟಣಕ್ಕೆ ಹುದ್‌ಹುದ್ ಬಂತು, 2023ರಲ್ಲಿ ಬಾಪಟ್ಲಕ್ಕೆ ಮಿಚಾಂಗ್ ಬಂತು. ಹೆಸರಿಟ್ಟುಕೊಂಡು, ಟೀವಿಯವರನ್ನು ಮುಂದಿಟ್ಟುಕೊಂಡು ಬರುವ ಜಾತಿ ಅವು. 2021ರ ನವೆಂಬರ್‌ನಲ್ಲಿ ರಾಯಲಸೀಮೆಯನ್ನು ತೋಯಿಸಿ ತೊಪ್ಪೆ ಮಾಡಿದ್ದು ಹೆಸರೂ ಇಲ್ಲದ ಬರೀ ವಾಯುಭಾರ ಕುಸಿತ. ಚಿತ್ರಾವತಿ ನದಿಯ ನಡುನೀರಲ್ಲಿ ಸಿಕ್ಕಿಕೊಂಡ ಹತ್ತು ಜನರನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಅನಂತಪುರ ಅಂದರೆ ಬರ ಎಂದು ಬರೆದೂ ಬರೆದೂ ಕೈ ಪಳಗಿಸಿಕೊಂಡ ಗುಮಾಸ್ತರು ಅವತ್ತು ಅದೇ ಕೈಯಲ್ಲಿ ‘ನೆರೆ’ ಎಂದು ಬರೆಯಲು ಎಷ್ಟು ಹೆಣಗಿದರೋ!

ಇನ್ನು ದರ. ಆಗ ಜಾರಿಯಲ್ಲಿದ್ದ ಕೇಂದ್ರದ ಪಟ್ಟಿಯ ಪ್ರಕಾರ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ, ಸಿಮೆಂಟಿನದಾಗಲಿ ಮಣ್ಣಿನದಾಗಲಿ. ನೆಲಸಮವಾದರೆ ಸಮಾನತೆ ಗ್ಯಾರಂಟಿ. ಅರೆಬರೆ ಬಿದ್ದೆಯೋ, ಮೇಲುಕೀಳು ಶುರು: ಪಕ್ಕಾ ಮನೆಗೆ 5,200, ಕಚ್ಚಾ ಮನೆಗೆ 3,200. ಅದೂ ನೂರಕ್ಕೆ 15 ಪಾಲಾದರೂ ಹಾಳಾಗಿರಬೇಕು. 14 ಪಾಲು ಬಿದ್ದ ಗೋಡೆ ಕಡತದಲ್ಲಿ ನೆಟ್ಟಗೆ ನಿಂತಿರುತ್ತದೆ. 2022ರಲ್ಲಿ ದರ ಏರಿತು. ಪೂರ್ತಿ ಬಿದ್ದರೆ 1,20,000, ಅರೆಬರೆ ಬಿದ್ದರೆ 6,500 ಮತ್ತು 4,000. ಆ 15 ಮಾತ್ರ ಕದಲಲಿಲ್ಲ. ಅದನ್ನು ಕಟ್ಟಿದ ಮೇಸ್ತ್ರಿ ಸಿಕ್ಕಿದ್ದರೆ ರೊಳ್ಳದಲ್ಲಿ ಒಂದು ಮನೆಯೂ ಬೀಳುತ್ತಿರಲಿಲ್ಲ.

ಪಾತ್ರೆಪಗಡಕ್ಕೆ, ಬಟ್ಟೆಬರೆಗೆ ಬೇರೆ ದುಡ್ಡಿದೆ. ಆದರೆ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕೂ ಮೀರಿ ನೀರಲ್ಲಿ ನಿಂತಿರಬೇಕು. ಸಮುದ್ರದ ಪಕ್ಕದ ತಗ್ಗಿಗೆ ಹೇಳಿ ಮಾಡಿಸಿದ ಮಾತು. ನಮ್ಮ ಏರುತಗ್ಗಿನ ನೆಲದಲ್ಲಿ ನೀರು ರಾತ್ರಿ ನುಗ್ಗಿ, ರಾಗಿ ನೆನೆಸಿ, ಬೆಳಗಾಗುವುದರೊಳಗೆ ಹಳ್ಳ ಸೇರಿರುತ್ತದೆ. ಮುಂದಿನ ಸಲ ಮನೆಯವರು ಬಾಗಿಲಿಗೆ ಅಡ್ಡ ಹಲಗೆ ಹಾಕಿ ನೀರನ್ನು ಮೂರನೆಯ ದಿನದವರೆಗೆ ಕಾಪಾಡಿಕೊಳ್ಳಲಿ.

ಹೊತ್ತು ನೋಡಿ ಬೀಳುವ ಬುದ್ಧಿಯೂ ನಿನಗಿಲ್ಲ. ಮಳೆಯಲ್ಲಿ ನೆಂದ ಮಾಳಿಗೆ ಮನೆ ಮಳೆಯಲ್ಲೇ ಬೀಳಬೇಕೆಂದೇನಿಲ್ಲ. ನಾಲ್ಕು ದಿನ ಬಿಟ್ಟು ಬಿಸಿಲು ಹತ್ತಿ, ಒಂದು ಮೈ ಒಣಗಿ ಇನ್ನೊಂದು ಮೈ ಹಸಿಯಿರುವಾಗ, ಬಿರುಕು ಬಿಟ್ಟು ಕೂರುತ್ತದೆ. ಅಷ್ಟರಲ್ಲಿ ಸರ್ವೇ ಮುಗಿದಿರುತ್ತದೆ. ಬಿಸಿಲಲ್ಲಿ ಬಿದ್ದ ಗೋಡೆಗೆ ಮಳೆ ಪರಿಹಾರ ಕೊಡಿ ಎಂದರೆ ಯಾವ ಸಾಹೇಬರು ತಾನೇ ಸಹಿ ಹಾಕುತ್ತಾರೆ?

ಬೀಳಲೇಬೇಕೆಂದಿದ್ದರೆ ಗಡಿಯಾಚೆ ಬೀಳಬೇಕಿತ್ತು. ಅದೇ 2021ರಲ್ಲಿ ಕರ್ನಾಟಕ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಿತ್ತು. ಅದೇ ಮೋಡ, ಅದೇ ಮಣ್ಣು, ಮನೆಯೊಳಗೆ ಅದೇ ಕನ್ನಡ. ಮಧುಗಿರಿಯ ಗೋಡೆ ಮಾತ್ರ ಹುಟ್ಟಾ ಲಕ್ಷಾಧೀಶ್ವರ. ಈ ಕಡೆ ನಮಗೂ ಬದಲಾವಣೆ ಸಿಕ್ಕಿತೆನ್ನಿ: 2022ರ ಏಪ್ರಿಲ್‌ನಲ್ಲಿ ರೊಳ್ಳವಿರುವ ಮಡಕಶಿರಾ ಸೀಮೆ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಅರ್ಜಿ ಪುಟ್ಟಪರ್ತಿಯ ದಾರಿ ಕಲಿಯಿತು.

ಅರ್ಜಿ ತೆಲುಗಿನಲ್ಲಿದೆ ಎಂದು ಗೊಣಗಬೇಡ. ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15 ಇದ್ದ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂಬ ಒಪ್ಪಂದ ದೇಶದಲ್ಲಿದೆ. ರೊಳ್ಳದ ಕನ್ನಡ ಆ 15ನ್ನು ಎಂದೋ ದಾಟಿದೆ. ಏನು ಮಾಡುವುದು, ಇನ್ನೂ ಸಾಕಷ್ಟು ಹಾಳಾಗಿಲ್ಲ.

ಉಳಿದದ್ದು ನಿನ್ನ ಜಾತಕ. ಬಿದ್ದ ಮನೆ ಅಧಿಕೃತವಾಗಿ ಕಟ್ಟಿದ್ದೆಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕು ಎನ್ನುತ್ತದೆ ಪಟ್ಟಿ. ನಿನ್ನನ್ನು ಎಬ್ಬಿಸಿದ ತಾತ ಕೆರೆಮಣ್ಣು ಹೇರಿಕೊಂಡು ಬಂದು, ತುಳಿದು, ಕಚೇರಿಗೆ ತಿಳಿಸದೆಯೇ ಗೋಡೆ ಇಟ್ಟ. ಕಾನೂನಿನ ಪ್ರಕಾರ ನೀನು ಎದ್ದೇ ಇಲ್ಲ. ಏಳದ ಗೋಡೆ ಬಿದ್ದದ್ದು ಹೇಗೆ? ಮನೆಯಜ್ಜಿ ಟ್ರಂಕಿನಿಂದ ವರ್ಷವರ್ಷದ ಮನೆ ಕಂದಾಯದ ರಸೀದಿ ತಂದು ಹರಡಿದರೆ, ಸಾಹೇಬರು ಒಂದೊಂದನ್ನೂ ಪ್ರೀತಿಯಿಂದ ತಿರುವಿ ನೋಡಿ ಹೇಳುತ್ತಾರೆ: “ಅದು ಬೇರೆ ಸೆಕ್ಷನ್ ಅಮ್ಮಾ.”