ಖಾರಕ್ಕೊಂದು ಜೋಡಿ

ಯಾವ ಊಟಕ್ಕೆ ಯಾವ ಪಾನೀಯ ಒಪ್ಪುತ್ತದೆ ಎಂದು ನಮ್ಮ ಯಾದಗಿರಿ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಲೆಕ್ಕ ತಿರುವುಮುರುವು. ಬಾರಿನ ಮೂಲೆಯಲ್ಲಿ ಕೂತವರು ಮೊದಲು ಗಿಲಾಸಿನ ವಿಚಾರ ತೀರ್ಮಾನಿಸಿ, ಆಮೇಲೆ ‘ಚಕಣಾ ಏನದ?’ ಎನ್ನುತ್ತಾರೆ. ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಬಹಳವಾಯಿತೆಂದರೆ ಒಂದು ಆಮ್ಲೆಟ್. ಕುಡಿಯುವುದು ಮುಖ್ಯ, ತಿನ್ನುವುದು ನೆಪ. ಕುಡಿಯದವರ ಮನೆಗಳಲ್ಲಂತೂ ಅಷ್ಟೂ ಚರ್ಚೆಯಿಲ್ಲ. ರೊಟ್ಟಿ ಮುರಿಯುವ ಹೊತ್ತಿಗೆ ಮಜ್ಜಿಗೆ ತಾನಾಗಿ ಬಂದು ಕೂತಿರುತ್ತದೆ.

ಹಾಗಾಗಿ ಡಲ್ಲಾಸಿನಲ್ಲಿ ಕೆಲಸ ಮಾಡುವ ನಮ್ಮ ಅಳಿಯ ರಜೆಗೆ ಶಹಾಪುರಕ್ಕೆ ಬಂದು, ಮೆಕ್ಸಿಕನ್ ಊಟಕ್ಕೆ ಮಾರ್ಗರೀಟಾವೇ ಸರಿಯಾದ ಜೋಡಿ ಎಂದು ಪಡಸಾಲೆಯಲ್ಲಿ ಕೂತು ವಿವರಿಸತೊಡಗಿದಾಗ ನಮಗೆಲ್ಲ ಅದು ಹೊಸ ವಿದ್ಯೆ. ಟಕೀಲಾ, ಲಿಂಬೆರಸ, ಕಿತ್ತಳೆಯ ಸಿಹಿ ಮದ್ಯ, ಐಸು. ಗಿಲಾಸಿನ ಅಂಚಿಗೆ ಲಿಂಬೆ ಸವರಿ, ಉಪ್ಪಿನ ಮೇಲೆ ಬೋರಲು ಹಾಕಿ ಎತ್ತಬೇಕು. ಅವನ ಆಯಿ, ಅಂದರೆ ನಮ್ಮವ್ವ, ದೀಪದ ಬತ್ತಿ ಹೊಸೆಯುತ್ತ ಎಲ್ಲ ಕೇಳಿಸಿಕೊಂಡಳು.

“ಉಪ್ಪು ಅಂಚಿಗ್ಯಾಕ ಹಚ್ತಾರೋ ತಮ್ಮಾ? ಒಳಗ ಹಾಕ್ಲಾಕ ಏನಾಗ್ಯದ?”

“ಹಂಗ ಕುಡದ್ರೇ ಚಂದ, ಆಯಿ. ಬೇಕಾದೋರು ನೆಕ್ತಾರ, ಬ್ಯಾಡಾದೋರು ಬಿಡ್ತಾರ.”

“ಲಿಂಬಿಹಣ್ಣು, ಉಪ್ಪು, ಬರ್ಫ. ಮತ್ತ ನಮ್ಮ ಬಸ್‌ಸ್ಟ್ಯಾಂಡಿನ ಸೋಡಾನೇ ಆಯ್ತಲ್ಲೋ!”

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಂಜೆ ಸುರಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಬಂಡಿಗಳ ಮುಂದೆ ಒಂದು ಗಳಿಗೆ ನಿಂತರೆ ಗೊತ್ತಾಗುತ್ತದೆ. ಉದ್ದನೆ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು-ಅಜವಾನ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗೆ ಬಿಟ್ಟರೆ ಒಮ್ಮೆ ಮುಳುಗಿ ಮೇಲೇಳುತ್ತದೆ. ಪೇಪರಿನ ತುಂಡಿನ ಮೇಲೆ ಸುಸಲಾ, ಅದರ ಮಗ್ಗುಲಿಗೆ ಎರಡು ಮಿರ್ಚಿ. ಮೊದಲ ಕಡಿತಕ್ಕೆ ನಾಲಿಗೆ ಉರಿಯುತ್ತದೆ, ಎರಡನೆಯದಕ್ಕೆ ಕಿವಿ, ಮೂರನೆಯದಕ್ಕೆ ನೆತ್ತಿ. ಸೋಡಾ ಬಂಡಿಯವನು ಆ ಮೂರನೆಯ ಕಡಿತಕ್ಕೇ ಕಾಯುತ್ತಿರುತ್ತಾನೆ. ಲಿಂಬೆ ಹಿಂಡಿ, ಸೋಡಾ ಸುರಿದು, ಕೊನೆಗೆ ಒಂದು ಚಿಟಿಕೆ ಉಪ್ಪು ಬಿಟ್ಟನೆಂದರೆ ಗಿಲಾಸು ಬುಸ್ಸೆಂದು ಉಕ್ಕುತ್ತದೆ. ಸೋಡಾದೊಳಗೆ ಅಡಗಿದ್ದ ಗಾಳಿಯೆಲ್ಲ ಉಪ್ಪಿನ ಹರಳು ಹಿಡಿದು ಗುಳ್ಳೆಯಾಗಿ ಏಳುತ್ತದೆ. ನೊರೆ ಚೆಲ್ಲುವ ಮೊದಲೇ ಬಾಯಿ ಹಚ್ಚಬೇಕು. ಹಚ್ಚದವನು ಪರವೂರಿನವನು ಎಂದೇ ಲೆಕ್ಕ.

ಸೋಡಾಕ್ಕೂ ಮಾರ್ಗರೀಟಾಕ್ಕೂ ಅವ್ವ ಕಂಡ ನಂಟು ಬರೀ ರುಚಿಯದಲ್ಲ, ಹಳೆಯ ಬೀಗತನದ್ದು. ಮೆಣಸಿನಕಾಯಿಯ ತವರು ಮೆಕ್ಸಿಕೊ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಬಂದು ನಮ್ಮ ಒಲೆಯ ಮುಂದೆ ಕೂತದ್ದು, ಈಗ ಎಬ್ಬಿಸಿದರೂ ಏಳುವುದಿಲ್ಲ. ಹಿಂಡಿಗೆ ಹಾಕುವ ಶೇಂಗಾ, ಪಲ್ಯದ ಟೊಮೆಟೊ, ಬೆಟ್ಟದ ಸೀತಾಫಲ ಎಲ್ಲ ಆ ಕಡೆಯಿಂದ ಬಂದ ಬಳುವಳಿಯೇ. ತಿರುಗಿ ಇತ್ತ ಕಡೆಯಿಂದ ಹೋದದ್ದು ಲಿಂಬೆ ಮತ್ತು ಕಿತ್ತಳೆ. ಮೆಕ್ಸಿಕೊದವರು ಹಿಂಡುವ ಸಣ್ಣ ಲಿಂಬೆಯೂ ನಮ್ಮ ನೆರೆಯ ಇಂಡಿ ತಾಲೂಕಿನ ಕಾಗ್ಜಿ ಲಿಂಬೆಯೂ ಒಂದೇ ಜಾತಿ; ಏಷ್ಯಾದ ಆ ಹಣ್ಣನ್ನು ಅಲ್ಲಿಗೆ ಮುಟ್ಟಿಸಿದವರು ಸ್ಪೇನಿನವರು. ಟಕೀಲಾ ಇಳಿಸುವ ನೀಲಿ ಅಗೇವ್ ನಮ್ಮ ಹೊಲದ ಬದುವಿನ ಕತ್ತಾಳೆಗೆ ದಾಯಾದಿ. ನಾವು ಕತ್ತಾಳೆಯ ನಾರು ತೆಗೆದು ಹಗ್ಗ ಹೊಸೆದೆವು, ಅವರು ಅಗೇವ್ ಗಡ್ಡೆ ಬೇಯಿಸಿ ಬಟ್ಟಿ ಇಳಿಸಿದರು. ನಮಗದು ಹೊಳೆಯದೇ ಇದ್ದದ್ದು ಒಳ್ಳೆಯದೇ ಆಯಿತು. ಹೊಳೆದಿದ್ದರೆ ಅಬಕಾರಿಯವರು ಬದುವಿಗೊಬ್ಬರಂತೆ ಕಾವಲು ಕೂರಬೇಕಾಗುತ್ತಿತ್ತು.

ಎಲ್ಲ ಜೋಡಿಯೂ ಹೀಗೆ ಕೂಡಿ ಬರುವುದಿಲ್ಲ ಎಂಬುದನ್ನು ಸುರಪುರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1840ರ ದಶಕದಲ್ಲಿ ಬಾಲಕ ದೊರೆ ವೆಂಕಟಪ್ಪ ನಾಯಕನ ಮೇಲ್ವಿಚಾರಣೆಗೆ ಬಂದ ಮೆಡೋಸ್ ಟೇಲರ್ ಸಾಹೇಬನನ್ನು ಹುಡುಗ ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರಲ್ಲಿ ಅದೇ ದೊರೆ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ, ಅಪ್ಪ-ಮಗನ ಸಂಬಂಧ ಉಳಿಯಲಿಲ್ಲ. ಹೋಲಿಸಿದರೆ ಮೆಣಸಿನಕಾಯಿ ಮತ್ತು ಲಿಂಬೆ ಎಷ್ಟೋ ನಿಯತ್ತಿನವು.

ಖಾರಕ್ಕೆ ಜೋಡಿ ಯಾಕೆ ಬೇಕೆಂಬುದನ್ನು ಈಗ ವಿಜ್ಞಾನಿಗಳೂ ಹೇಳಿದ್ದಾರೆ. 2021ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರಾದ ಡೇವಿಡ್ ಜೂಲಿಯಸ್ ಮೆಣಸಿನಕಾಯಿಯ ಖಾರ ಹಿಡಿದೇ ಹೊರಟು ಕಂಡುಕೊಂಡದ್ದು: ಖಾರವನ್ನೂ ಸುಡುವ ಬಿಸಿಯನ್ನೂ ನಮ್ಮ ನರಗಳು ಒಂದೇ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತವೆ. ಆ ಬಾಗಿಲು ತೆರೆಯುವುದು ಸುಮಾರು 43 ಡಿಗ್ರಿಗೆ. ಯಾದಗಿರಿಯ ಮೇ ತಿಂಗಳೂ ಹೆಚ್ಚುಕಡಿಮೆ ಅಷ್ಟೇ! ಹೊರಗೂ ಅದೇ ಬೆಂಕಿ, ತಾಟಿನಲ್ಲೂ ಅದೇ ಬೆಂಕಿ. ಖಾರ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ನೀರು ಕುಡಿದರೆ ಬಾಯಿತುಂಬ ಹರಡುತ್ತದೆ ಅಷ್ಟೆ. ಮಜ್ಜಿಗೆಯಲ್ಲಿರುವ ಕೇಸೀನ್ ಎಂಬ ಹಾಲಿನ ಸತ್ವ ಖಾರವನ್ನು ಹಿಡಿದುಕೊಂಡು ಗಂಟಲಿಗೆ ಇಳಿಸುತ್ತದೆ. ಮಾರ್ಗರೀಟಾಕ್ಕೆ ಆ ಶಕ್ತಿಯಿಲ್ಲ. ಅದು ತಂಪು, ಹುಳಿ, ಉಪ್ಪು ತೋರಿಸಿ ನಾಲಿಗೆಯ ಗಮನ ಬೇರೆ ಕಡೆ ಸೆಳೆಯುತ್ತದೆ. ಆದರೆ ಕರಿದದ್ದು, ಚೀಸು, ಕೊಬ್ಬಿನ ಮಾಂಸ ತಿಂದಾಗ ಬಾಯಿಗೆ ಮೆತ್ತುವ ಜಿಡ್ಡನ್ನು ಕಡಿಯಲು ಲಿಂಬೆಯ ಹುಳಿಯೇ ಬೇಕು. ಮಿರ್ಚಿಗೆ ಸೋಡಾ, ಹಿಂಡಿ-ರೊಟ್ಟಿಗೆ ಮಜ್ಜಿಗೆ ಎಂದು ನಮ್ಮವರು ವಿಂಗಡಿಸಿದ್ದರ ಗುಟ್ಟು ಇಷ್ಟೇ.

ಅಳಿಯ ಇರುವ ಡಲ್ಲಾಸಿನಲ್ಲೇ 1971ರಲ್ಲಿ ಮಾರಿಯಾನೊ ಮಾರ್ಟಿನೆಜ್ ಎಂಬ ಹೋಟೆಲಿನವನು ಐಸ್‌ಕ್ರೀಮ್ ಯಂತ್ರವನ್ನೇ ತಿದ್ದಿ, ಪುಡಿ ಬರ್ಫದಂಥ ಮಾರ್ಗರೀಟಾ ತಿರುವಿ ತೆಗೆದ. ಆ ಯಂತ್ರ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಸೋಡಾ ಬಂಡಿಗೆ ಇನ್ನೂ ಆ ಯೋಗ ಕೂಡಿಬಂದಿಲ್ಲ, ನಗರಸಭೆಯವರು ಎತ್ತಿಕೊಂಡು ಹೋಗುವ ಯೋಗ ಮಾತ್ರ ಆಗಾಗ ಬರುತ್ತದೆ. ಇನ್ನು ಮೆಕ್ಸಿಕೊದವರು ಮಧ್ಯಾಹ್ನ ಊಟಕ್ಕೆ ಕುಡಿಯುವುದು ಬಹಳಮಟ್ಟಿಗೆ ಮದ್ಯವನ್ನಲ್ಲ, ಹಣ್ಣಿನ, ಅಕ್ಕಿಯ, ಹೂವಿನ ತಂಪು ನೀರು. ಅದರಲ್ಲಿ ಕೆಂಪಗೆ ಹುಳಿಹುಳಿಯಾದ ‘ಹಮಾಯ್ಕಾ’ ನಮ್ಮ ಪುಂಡಿ ಬಳಗದ ಗಿಡದ್ದೇ. ನಾವು ಎಲೆ ಬೇಯಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತೇವೆ, ಅವರು ಹೂವು ಕುದಿಸಿ, ಸೋಸಿ, ಸಕ್ಕರೆ ಕೂಡಿಸಿ ಕುಡಿಯುತ್ತಾರೆ.

ಅವನು ತಿರುಗಿ ಹೊರಟಾಗ ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಇಟ್ಟೆವು. ಅಲ್ಲಿ ಅದಕ್ಕೆ ಮಾರ್ಗರೀಟಾ ಕೂಡಿಸಿ ನೋಡುತ್ತೇನೆ ಎಂದ. ನೋಡಲಿ. ಹುಳಿ, ಉಪ್ಪು, ತಂಪು ಮೂರೂ ಇದ್ದರೆ ರೊಟ್ಟಿ ಬೇಡ ಅನ್ನುವುದಿಲ್ಲ. ಟಕೀಲಾ ಎಷ್ಟಿರಬೇಕು ಎಂಬುದು ಊಟದ ಪ್ರಶ್ನೆಯೇ ಅಲ್ಲ. ರಾತ್ರಿ ಮನೆಗೆ ಗಾಡಿ ಯಾರು ಓಡಿಸಬೇಕು ಎಂಬ ಪ್ರಶ್ನೆ, ಅದನ್ನು ಅವನ ಹೆಂಡತಿಯೇ ತೀರ್ಮಾನಿಸುತ್ತಾಳೆ.