ಗುಂಡ್ಯಾನ ಪಥ್ಯ

ಎತ್ತಿಗೆ ಎಷ್ಟು ಹಿಂಡಿ, ಎಮ್ಮೆಗೆ ಎಷ್ಟು ಹತ್ತಿಕಾಳು ಎಂದು ಹೇಳುವವರು ಬೈಲಹೊಂಗಲದ ಯಾವ ಕಟ್ಟೆಯ ಮೇಲಾದರೂ ಸಿಗುತ್ತಾರೆ. ಬೆಕ್ಕಿನ ಊಟದಲ್ಲಿ ಫಾಸ್ಫರಸ್ ಎಷ್ಟಿರಬೇಕೆಂದು ಹೇಳುವವರು ನಮ್ಮ ಓಣಿಯ ಮಾಸ್ತರ್ರು ಒಬ್ಬರೇ. ನಿವೃತ್ತರಾದವರು ಭಜನೆಗೋ ಪ್ಲಾಟಿನ ವ್ಯವಹಾರಕ್ಕೋ ಬೀಳುವುದು ರೂಢಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಇವರು ಬೆಕ್ಕಿನ ಮೂತ್ರಪಿಂಡಕ್ಕೆ ಬಿದ್ದರು.

ಅವರ ಗುಂಡ್ಯಾಗೆ ವಯಸ್ಸಾಗಿತ್ತು. ಬಕೆಟ್ಟಿಗೆ ಬಾಯಿ ಹಾಕಿ ಒಂದೇ ಸಮನೆ ನೀರು ಕುಡಿಯತೊಡಗಿತು, ಬೆನ್ನೆಲುಬು ಕೈಗೆ ಹತ್ತತೊಡಗಿತು. ಮುದಿ ಬೆಕ್ಕುಗಳಿಗೆ ಬರುವ ಬ್ಯಾನಿಯೇ ಇದು. ಡಾಕ್ಟರು ರಕ್ತ ನೋಡಿ, “ಕಿಡ್ನಿ ದಣದಾವ್ರೀ, ಫಾಸ್ಫರಸ್ ಕಡಿಮಿ ಇದ್ದ ಊಟ ಹಾಕ್ರಿ” ಎಂದರು. ಬೆಳಗಾವಿಯಿಂದ ಅದಕ್ಕೆಂದೇ ಮಾಡಿದ ಪ್ಯಾಕೆಟ್ ಬಂತು. ಗುಂಡ್ಯಾ ಮೂಸಿ ನೋಡಿತು. ಆಮೇಲೆ ಮುಂಗಾಲಿನಿಂದ ತಾಟಿನ ಸುತ್ತ ಫರಸಿಯನ್ನು ಗೀರಿ ಗೀರಿ, ಇಲ್ಲದ ಮಣ್ಣನ್ನು ಅದರ ಮೇಲೆ ಮುಚ್ಚಿ ಹೊರಟುಹೋಯಿತು. ಕಪ್ಪ ಕೊಡಲೊಲ್ಲದ ರಾಣಿಯ ಸಮಾಧಿ ಇರುವ ಊರಿನ ಬೆಕ್ಕು, ಅಷ್ಟು ಸುಲಭಕ್ಕೆ ಬಾಗೀತೇ?

ಹೀಗೆ ಸೋಮವಾರ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಮನೆಯಲ್ಲಿ ಕೋಳಿ ಬೇಯುವ ಕಾಲ ಬಂತು. ಹಿತ್ತಲಲ್ಲಿ ಕರಿಬೇವಿನ ಗಿಡದ ಕೆಳಗೆ ಬೇರೆ ಸ್ಟೋವು, ಬೇರೆ ಬೋಗುಣಿ. ಕೋಳಿ ತರುವವನು ನಾನು. ಬೆಳಗಾವಿಗೆ ಹೋದಾಗ ನಾನು ಏನು ತಿಂದು ಬರುತ್ತೇನೆಂಬುದು ಮಾಸ್ತರ್ರಿಗೆ ಹೇಗೋ ಗೊತ್ತಾಗಿತ್ತು. ನಸುಕಿಗೇ ಫೋನು: “ಏಳ್ರೀ, ಔಷಧ ತರೂದೈತಿ.” ಔಷಧವೆಂದರೆ ಎಲುಬಿಲ್ಲದ ಕಾಲು ಕೆಜಿ. ಚೀಲದ ತಳಕ್ಕೆ ಅದು, ಮೇಲೆ ಮೆಂತ್ಯೆಪಲ್ಯದ ಸಿವುಡು. ಒಮ್ಮೆ ಸಮಾಧಿ ರಸ್ತೆಯಲ್ಲಿ ಮಾಸ್ತರ್ರ ಬೀಗರೇ ಎದುರಾದರು. “ಮೆಂತ್ಯೆ ಭಾಳ ಎಳೇದೈತಲ್ಲ, ಎಷ್ಟಕ್ಕ ಸಿವುಡು?” ಎನ್ನುತ್ತ ಚೀಲಕ್ಕೆ ಕೈ ಹಾಕಿದರು. ಕೈ ತಳ ಮುಟ್ಟಿತು. ಹಣೆಯ ವಿಭೂತಿ ಬಿಳುಪೋ ಮುಖ ಬಿಳುಪೋ ತಿಳಿಯದಾಯಿತು. “ಬೆಕ್ಕಿಗ್ರೀ” ಎಂದೆ. “ಹೌದ ಹೌದ, ಬೆಕ್ಕಿಗೇ” ಎಂದು ನನ್ನ ಹೊಟ್ಟೆಯ ಕಡೆ ನೋಡಿ ನಡೆದರು. ಮಾಸ್ತರ್ರಿಗೆ ಇದನ್ನು ಹೇಳಿದರೆ ಅವರು ಕೇಳಿದ್ದು ಒಂದೇ ಮಾತು: “ಅವರು ಕೈ ತೊಳಕೊಂಡಿದ್ರೇನು?”

ಅಡುಗೆಯೋ, ಪ್ರಯೋಗಶಾಲೆಯದು. ಕೋಳಿ ಕುದಿಸಿದ ನೀರನ್ನು ಚೆಲ್ಲಬೇಕು, ಫಾಸ್ಫರಸ್ಸು ಒಂದಿಷ್ಟು ಅದರೊಡನೆ ಹೋಗುತ್ತದೆ. ತತ್ತಿಯ ಬಿಳಿ ಬೇಕು, ಹಳದಿ ಬೇಡ. ಸಿಪ್ಪೆಯನ್ನು ಒಣಗಿಸಿ, ಮಿಕ್ಸರಿಗೆ ಹಾಕಿ, ವಸ್ತ್ರಗಾಳಿತ ಮಾಡಬೇಕು. ಅದು ಕ್ಯಾಲ್ಸಿಯಂ ಕಾರ್ಬೊನೇಟು, ಹೊಟ್ಟೆಯಲ್ಲಿ ಉಳಿದ ಫಾಸ್ಫರಸ್ಸನ್ನು ಹಿಡಿದಿಡುತ್ತದೆ. ಮಿಕ್ಸರು ನಮ್ಮದು. ಉಪ್ಪಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ, ಆದ್ದರಿಂದ ಮುಟ್ಟಿದ ಚಮಚವೂ ನಿಷಿದ್ಧ. ಮೇಲೆ ಟಾರಿನ್ ಪುಡಿ. ಅದಿಲ್ಲದೆ ಬೆಕ್ಕಿನ ಹೃದಯ ಸೊರಗುತ್ತದೆಂದು 1987ರಲ್ಲಿ ಅಮೆರಿಕದವರು ಕಂಡುಹಿಡಿದರು, ನಮ್ಮ ಓಣಿಗೆ ಅದನ್ನು ತಲುಪಿಸಿದವರು ಮಾಸ್ತರ್ರು. ಎಲ್ಲವನ್ನೂ ಪತ್ತಾರನ ತಕ್ಕಡಿಯಲ್ಲಿ ತೂಗುವುದು. ಇಷ್ಟಾದ ಮೇಲೆ ಗುಂಡ್ಯಾ ಬರುತ್ತದೆ, ಮೂಸುತ್ತದೆ, ಫರಸಿ ಗೀರುತ್ತದೆ.

ಗೀರಿ ನಮ್ಮ ಅಡುಗೆಮನೆಗೆ ಬರುತ್ತದೆ. ಹೆಂಡತಿ ಮರುಗಿ ಬಟ್ಟಲು ಹಾಲು ಇಟ್ಟಳೆಂದರೆ ಸಂಜೆ ವಿಚಾರಣೆ. ದೊಡ್ಡ ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸು ಸಾಮಾನ್ಯವಾಗಿ ಪಚನವಾಗದು, ಗುಂಡ್ಯಾನ ಹೊಟ್ಟೆ ಅದಕ್ಕೆ ಹಿತ್ತಲಲ್ಲಿ ಸಾಕ್ಷಿ ಬಿಟ್ಟಿರುತ್ತದೆ. ನಮ್ಮ ಮನೆಯ ಹಾಲು, ತುಪ್ಪ, ಮಜ್ಜಿಗೆಗಳ ಮೇಲೆಲ್ಲ ಈಗ ಕಲ್ಲಿಟ್ಟ ಮುಚ್ಚಳಗಳಿವೆ. ಪಥ್ಯ ಬೆಕ್ಕಿನದು, ಪಾಲಿಸುವವರು ನಾವು.

ತಮ್ಮ ಪಥ್ಯದ ಗೊಡವೆ ಮಾತ್ರ ಮಾಸ್ತರ್ರಿಗಿಲ್ಲ. ಯಾರೋ ಬೆಳಗಾವಿಯ ಕುಂದಾ ತಂದಿದ್ದರು. “ಬೆಕ್ಕಿನ ನಾಲಿಗಿಗೆ ಸಿಹಿ ಅನ್ನೂದ ತಿಳಿಯೂದಿಲ್ಲ, ಆ ಜೀನೇ ಕೆಟ್ಟೈತಿ” ಎಂದು ಪಾಠ ಮಾಡುತ್ತ ಮಾಡುತ್ತ, ಸಕ್ಕರೆ ಬ್ಯಾನಿಯ ಈ ಮನುಷ್ಯ ಡಬ್ಬಿ ಬರಿದು ಮಾಡಿದರು.

ತೀರಿಹೋದ ಅವರ ಹೆಂಡತಿಗೂ ಕೊನೆಯ ವರ್ಷ ಕಿಡ್ನಿಯದೇ ತ್ರಾಸು. ಉಪ್ಪು ಬಿಡಿರೆಂದು ಡಾಕ್ಟರು ಹೇಳಿದ್ದರು. ಬೇರೆ ಅಡುಗೆ ಮಾಡಿಕೊಳ್ಳಲು ಆ ತಾಯಿಗೆ ತ್ರಾಣವಿರಲಿಲ್ಲ, ಒಂದೇ ಪಲ್ಯ ಮಾಡುತ್ತಿದ್ದರು. ಅದು ಸಪ್ಪಗಿದೆಯೆಂದು ಮಾಸ್ತರ್ರು ತಾಟು ಸರಿಸಿ ಎದ್ದದ್ದನ್ನು ನಮ್ಮ ಕಿಟಕಿ ಕಂಡಿದೆ. ಗುಂಡ್ಯಾ ಆ ತಾಯಿಯ ಬೆಕ್ಕು. ಈಗ ಮಾಸ್ತರ್ರು ಸಪ್ಪನೆಯ ಕೋಳಿಯನ್ನು ಬೆರಳ ತುದಿಗೆ ಹಚ್ಚಿಕೊಂಡು “ಒಂದ್ ತುತ್ತರ ತಿನ್ನೋ ನಮ್ಮಪ್ಪಾ” ಎಂದು ಅರ್ಧ ತಾಸು ಕುಕ್ಕರಗಾಲಲ್ಲಿ ಕೂಡುತ್ತಾರೆ. ಮೊಣಕಾಲು ನೋವಿನ ಮುದುಕ. ಆ ಹೊತ್ತಿಗೆ ಮಿಕ್ಸರು ಕೇಳಲು ಬಂದರೆ ನನಗೂ ಇಲ್ಲವೆನ್ನಲು ಬಾಯಿ ಬರುವುದಿಲ್ಲ.

ಗುಂಡ್ಯಾ ಈಚೆಗೆ ತಿನ್ನುತ್ತಿದೆ, ತುಸು ಮೈಯೂ ಹಿಡಿದಿದೆ. ಬೈಲಹೊಂಗಲದ ಕಡೆ ಬಂದರೆ ಮಾಸ್ತರ್ರನ್ನು ಕಂಡು ಹೋಗಿರಿ, ಚಹಾ ಚೆನ್ನಾಗಿ ಮಾಡುತ್ತಾರೆ. ಬೆಕ್ಕಿನ ತಬ್ಬೇತು ಹೇಗಿದೆಯೆಂದು ಮಾತ್ರ ಕೇಳಬೇಡಿ. ಕೇಳಿದಿರೋ, ಬೆಳಗಾವಿಯ ಕಡೆಯ ಬಸ್ಸು ತಪ್ಪುತ್ತದೆ.